ಕೆನಡಿಯ ಬೆನ್ನು

ಜಾನ್ ಎಫ್. ಕೆನಡಿ ಅಂದ್ರೆ ನಮಗೆ ನೆನಪಾಗೋದು ಎರಡು ವಿಷಯ: ಚಂದ್ರನ ಮೇಲೆ ಮನುಷ್ಯನನ್ನು ಇಳಿಸೋ ಗುರಿ, ಡಲ್ಲಾಸ್‌ನಲ್ಲಿ ತಗುಲಿದ ಗುಂಡು. ಅವರ ಬೆನ್ನಿನ ಕಥೆ ನನಗೂ ಗೊತ್ತಿರಲಿಲ್ಲ. ಕಳೆದ ತಿಂಗಳು ಡಾಕ್ಟರ್ ನಮ್ಮ ದೊಡ್ಡಪ್ಪನಿಗೆ ಸ್ಪೈನ್ ಫ್ಯೂಷನ್ ಆಪರೇಷನ್ ಹೇಳಿದ ಮೇಲೆ ಓದಿದೆ.

ಕೆನಡಿ ಹುಟ್ಟಿದ್ದು 1917ರಲ್ಲಿ, ಅಮೆರಿಕದ ಬ್ರೂಕ್‌ಲೈನ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದುವಾಗ ಫುಟ್‌ಬಾಲ್ ಆಡಿ ಬೆನ್ನಿಗೆ ಪೆಟ್ಟು ಮಾಡಿಕೊಂಡರು. 1943ರ ಆಗಸ್ಟ್‌ನಲ್ಲಿ ಜಪಾನಿನ ಯುದ್ಧನೌಕೆಯೊಂದು ಅವರ ಪಿಟಿ-109 ದೋಣಿಗೆ ಗುದ್ದಿ ಎರಡು ತುಂಡು ಮಾಡಿತು. ಗಾಯಗೊಂಡ ಜೊತೆಗಾರನ ಲೈಫ್ ಜಾಕೆಟ್ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಾ ಗಂಟೆಗಟ್ಟಲೆ ಈಜಿ ದ್ವೀಪ ಸೇರಿದರು. ಬೆನ್ನು ಇನ್ನೂ ಹಾಳಾಯಿತು. 1944ರಲ್ಲಿ ಡಿಸ್ಕ್ ಆಪರೇಷನ್ ಆಯಿತು, ನೋವು ಮಾತ್ರ ಹೋಗಲಿಲ್ಲ.

1954ರ ಹೊತ್ತಿಗೆ ಸೆನೆಟರ್ ಕೆನಡಿ ಊರುಗೋಲು ಹಿಡಿದು ಓಡಾಡುತ್ತಿದ್ದರು. ಉಳಿದ ದಾರಿ ಫ್ಯೂಷನ್. ಆದ್ರೆ ಅವರಿಗೆ ಅಡಿಸನ್ಸ್ ಕಾಯಿಲೆ ಇತ್ತು, ಇನ್ಫೆಕ್ಷನ್ ಆದರೆ ಪ್ರಾಣಕ್ಕೇ ಅಪಾಯ. ಅದು ಗೊತ್ತಿದ್ದೂ 37ನೇ ವಯಸ್ಸಿನಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 21ರಂದು ನ್ಯೂಯಾರ್ಕ್‌ನಲ್ಲಿ ಸೊಂಟದ ಹತ್ತಿರ ಲೋಹದ ಪ್ಲೇಟ್ ಕೂರಿಸಿದರು. ಹೆದರಿದ್ದೇ ಆಯಿತು. ಇನ್ಫೆಕ್ಷನ್ ಆಗಿ ಕೋಮಾಗೆ ಹೋದರು, ಪಾದ್ರಿ ಬಂದು ಅಂತಿಮ ಪ್ರಾರ್ಥನೆಯನ್ನೂ ಮಾಡಿದರು. ಆದ್ರೂ ಬದುಕಿದರು. 1955ರ ಫೆಬ್ರವರಿಯಲ್ಲಿ ಇನ್ನೊಂದು ಆಪರೇಷನ್ ಮಾಡಿ ಆ ಪ್ಲೇಟನ್ನೇ ತೆಗೆದರು.

ಇಲ್ಲಿ ಸ್ವಲ್ಪ ನಮ್ಮ ಸಬ್ಜೆಕ್ಟ್. ಫ್ಯೂಷನ್ ಅಂದ್ರೆ ಅಲುಗಾಡೋ ಜಾಯಿಂಟನ್ನು ರಿಜಿಡ್ ಮಾಡೋದು. ಪ್ಲೇಟು, ಸ್ಕ್ರೂ ಮೂಳೆ ಕೂಡುವವರೆಗಿನ ಆಸರೆ ಅಷ್ಟೇ. ಒಂದು ಜಾಯಿಂಟ್ ಬಿಗಿಯಾದರೆ ಅಲ್ಲಿನ ಚಲನೆಯ ಹೊರೆ ಪಕ್ಕದ ಜಾಯಿಂಟ್‌ಗಳ ಮೇಲೆ ಬೀಳುತ್ತೆ, ವರ್ಷಗಳಾದಂತೆ ಅವೂ ಸವೆಯಬಹುದು. ಕೆಳಬೆನ್ನಿಗೆ ಸಹಜವಾಗಿ ಒಳಬಾಗು ಇದೆ. ಅದನ್ನು ಚಪ್ಪಟೆಯಾಗಿ ಕೂಡಿಸಿದರೆ ದೇಹ ಮುಂದಕ್ಕೆ ವಾಲುತ್ತೆ, ನೆಟ್ಟಗೆ ನಿಲ್ಲೋಕೆ ಸ್ನಾಯುಗಳು ದಿನವಿಡೀ ಎಳೀತಾನೇ ಇರಬೇಕು. ಅದಕ್ಕೇ ಈಗಿನ ಸರ್ಜನ್‌ಗಳು ಎಕ್ಸ್-ರೇಯಲ್ಲಿ ಸೊಂಟದ ಕೋನ, ಬೆನ್ನಿನ ಬಾಗು ಎರಡನ್ನೂ ಅಳೆದು, ವ್ಯತ್ಯಾಸ ಸಾಮಾನ್ಯವಾಗಿ 10 ಡಿಗ್ರಿಯೊಳಗೆ ಇರೋ ಹಾಗೆ ನೋಡ್ಕೋತಾರೆ.

ಕೆನಡಿಗೆ ಆಮೇಲೆ ಡಾಕ್ಟರ್ ಜಾನೆಟ್ ಟ್ರಾವೆಲ್ ಸಿಕ್ಕರು. ಅವರ ಎಡಗಾಲು ತುಸು ಗಿಡ್ಡ ಅಂತ ಗಮನಿಸಿ ಶೂಗೆ ಹೀಲ್ ಲಿಫ್ಟ್ ಹಾಕಿಸಿದರು, ತೂಗುಕುರ್ಚಿಯಲ್ಲಿ ಕೂರೋಕೆ ಹೇಳಿದರು, ಇಂಜೆಕ್ಷನ್ ಕೊಟ್ಟರು. 1961ರಲ್ಲಿ ಅಧ್ಯಕ್ಷರಾದರು. ಅದೇ ಮೇ ತಿಂಗಳಲ್ಲಿ ಒಟ್ಟಾವಾದಲ್ಲಿ ಗಿಡ ನೆಡುವಾಗ ಬೆನ್ನು ಮತ್ತೆ ಹಿಡ್ಕೊಂಡಿತು. ಆ ವರ್ಷದ ಕೊನೆಗೆ ಹಾನ್ಸ್ ಕ್ರೌಸ್ ಎಂಬ ಡಾಕ್ಟರ್ ಬಂದು ಸ್ನಾಯು ಗಟ್ಟಿಯಾಗೋ ವ್ಯಾಯಾಮ ಶುರು ಮಾಡಿಸಿದರು. ಇಷ್ಟು ಆಪರೇಷನ್‌ಗಳಿಂದ ಸಿಗದ ಆರಾಮ ಅದರಿಂದ ಸಿಕ್ಕಿತು. ಆದ್ರೂ ಬೆಲ್ಟ್ ಬಿಡಲಿಲ್ಲ. 1963ರ ನವೆಂಬರ್ 22ರಂದು, ಕೊನೆಯ ದಿನವೂ ಅದನ್ನು ಕಟ್ಟಿಕೊಂಡಿದ್ದರು. ಆಗ ಅವರಿಗೆ ಬರೀ 46.

1954ಕ್ಕೆ ಹೋಲಿಸಿದರೆ ಈಗ ಆಪರೇಷನ್ ಎಷ್ಟೋ ಸುರಕ್ಷಿತ. ದೊಡ್ಡಪ್ಪನಿಗೂ ಅದನ್ನೇ ಹೇಳಿದೆ. ಜೊತೆಗೆ, ಡಾಕ್ಟರ್ ಹತ್ರ ಬೆನ್ನಿನ ಬಾಗಿನ ಬಗ್ಗೆ, ಆಮೇಲಿನ ವ್ಯಾಯಾಮದ ಬಗ್ಗೆ ಕೇಳಿ ದೊಡ್ಡಪ್ಪ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೀನಿ.