ಗೋಡೆಯ ಬಿರುಕುಗಳನ್ನು ಓದಿದವರು: ರಾಬರ್ಟ್ ಮ್ಯಾಲೆಟ್

1993ರ ಸೆಪ್ಟೆಂಬರ್ 30ರ ನಸುಕನ್ನು ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ಹಿಂದಿನ ದಿನ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಲಾತೂರು, ಉಸ್ಮಾನಾಬಾದ್ ಸೀಮೆಯ ಹಳ್ಳಿಗಳು, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷವಿರುವಾಗ ಕುಸಿದುಬಿದ್ದವು. ಕಿಲ್ಲಾರಿಯ ಸುತ್ತಮುತ್ತ ಸುಮಾರು 10 ಸಾವಿರ ಜನ ಮಡಿದರು. ಬೆಳಗಾದ ಮೇಲೆ ಉಳಿದವರ ಮನಸ್ಸಿನಲ್ಲಿ ಎದ್ದ ಪ್ರಶ್ನೆಗಳು ಎರಡು. ಅಲುಗಾಡದ ನೆಲವೆಂದು ನಂಬಿದ್ದ ದಖ್ಖನ್ನಿನ ಈ ಭೂಮಿ ನಡುಗಿದ್ದೇಕೆ? ಒಂದು ಮನೆ ನೆಲಸಮವಾಗಿ ಇನ್ನೊಂದು ನಿಂತಿದ್ದೇಕೆ?

ಎರಡನೆಯ ಪ್ರಶ್ನೆಯನ್ನು ಬಿಡದೆ ಹಿಡಿದು ನಡೆದರೆ ಮೊದಲನೆಯದರ ಉತ್ತರದ ಹತ್ತಿರಕ್ಕೆ ಹೋಗಬಹುದೆಂದು ತೋರಿಸಿಕೊಟ್ಟವರು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್. ಭೂಕಂಪಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿರುವ ಸೀಸ್ಮಾಲಜಿ ಎಂಬ ಹೆಸರು ಬಂದದ್ದೂ ಅವರಿಂದಲೇ. ಭೂಕಂಪಮಾಪಕ ಯಂತ್ರಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಅವರು ಬಿದ್ದ ಮನೆಗಳನ್ನೇ ಯಂತ್ರಗಳನ್ನಾಗಿ ಮಾಡಿಕೊಂಡರು.

ಎರಕದ ಮನೆಯ ಮಗ

ರಾಬರ್ಟ್ ಮ್ಯಾಲೆಟ್ ಹುಟ್ಟಿದ್ದು 1810ರ ಜೂನ್ 3ರಂದು, ಡಬ್ಲಿನ್ ನಗರದಲ್ಲಿ. ತಂದೆ ಜಾನ್ ಮ್ಯಾಲೆಟ್ ಅಲ್ಲಿ ಕಬ್ಬಿಣದ ಎರಕದ ಕಾರ್ಖಾನೆ ನಡೆಸುತ್ತಿದ್ದರು. ಮಗ ಟ್ರಿನಿಟಿ ಕಾಲೇಜಿನಲ್ಲಿ ಓದಿ 1830ರಲ್ಲಿ ಪದವಿ ಪಡೆದು ತಂದೆಯ ಉದ್ಯಮಕ್ಕೇ ಬಂದರು. ಮುಂದಿನ ವರ್ಷಗಳಲ್ಲಿ ಆ ಕಾರ್ಖಾನೆ ಐರ್ಲೆಂಡಿನ ಪ್ರಮುಖ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಡಬ್ಲಿನ್‌ನ ಸೇಂಟ್ ಜಾರ್ಜ್ ಇಗರ್ಜಿಯ 133 ಟನ್ ತೂಕದ ಚಾವಣಿಯನ್ನು ಮೇಲೆತ್ತಿ ನಿಲ್ಲಿಸಿದ್ದು ಮ್ಯಾಲೆಟ್ ಅವರ ಹೆಸರನ್ನು ಬೆಳಗಿಸಿದ ಕೆಲಸಗಳಲ್ಲೊಂದು. ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತ ಫಾಸ್ಟ್‌ನೆಟ್ ಬಂಡೆಯ ಮೇಲಿನ ಕಬ್ಬಿಣದ ದೀಪಸ್ತಂಭವೂ ಇವರ ಕಾರ್ಖಾನೆಯದೇ.

ಹೀಗೆ ಭಾರವನ್ನು ಎತ್ತುವುದು, ಭಾರವನ್ನು ಹೊರಿಸುವುದು, ಲೋಹ ಮತ್ತು ಕಲ್ಲು ಯಾವ ಹಂತದಲ್ಲಿ ಸೀಳುತ್ತವೆ ಎಂಬುದನ್ನು ಅರಿಯುವುದು ಅವರ ದಿನನಿತ್ಯದ ವೃತ್ತಿಯಾಗಿತ್ತು. ಭೂಕಂಪದ ಕಡೆಗೆ ಅವರನ್ನು ಎಳೆದದ್ದೂ ಎಂಜಿನಿಯರನ ಕಣ್ಣೇ.

ತಿರುಗಿ ನಿಂತ ಕಲ್ಲುಗಳು

ಇಟಲಿಯ ದಕ್ಷಿಣದ ಕಲಾಬ್ರಿಯಾದಲ್ಲಿ 1783ರಲ್ಲಿ ಘೋರ ಭೂಕಂಪಗಳಾದವು. ಅಲ್ಲಿನ ಕ್ರೈಸ್ತ ಮಠವೊಂದರ ಮುಂದಿದ್ದ ಎರಡು ಕಲ್ಲುಕಂಬಗಳು ಉರುಳಲಿಲ್ಲ. ಆದರೆ ಅವುಗಳ ಮೇಲಿನ ಕಲ್ಲುಗಳು ತಮ್ಮ ಪೀಠದ ಮೇಲೆಯೇ ತಿರುಚಿದಂತೆ ತಿರುಗಿ ನಿಂತವು. ಈ ಕಂಬಗಳ ಚಿತ್ರವನ್ನು ಮ್ಯಾಲೆಟ್ ಪುಸ್ತಕದಲ್ಲಿ ಕಂಡರು. ನೆಲದೊಳಗೆ ಸುಳಿಯಂತಹ ಚಲನೆ ಎದ್ದು ಕಲ್ಲುಗಳನ್ನು ತಿರುಗಿಸಿತೆಂಬುದು ಆಗ ಹಲವರ ವಿವರಣೆಯಾಗಿತ್ತು.

ಮ್ಯಾಲೆಟ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಂತಹ ಸುಳಿ ಪ್ರತಿಯೊಂದು ಕಂಬದ ನಡುವನ್ನೇ ಹುಡುಕಿಕೊಂಡು ಬರಬೇಕಲ್ಲವೇ? ಅವರು ಕಂಡ ಕಾರಣ ಸರಳವಾದದ್ದು. ಕಲ್ಲು ತನ್ನ ಪೀಠಕ್ಕೆ ಗಟ್ಟಿಯಾಗಿ ಕಚ್ಚಿಕೊಂಡ ಜಾಗ ಅದರ ಭಾರದ ನಡುವಿಗೆ ನೇರವಾಗಿರದೆ ಒಂದು ಬದಿಗಿದ್ದರೆ, ನೆಲ ಬರಿದೆ ಹಿಂದೆ ಮುಂದೆ ಜಗ್ಗಿದರೂ ಕಲ್ಲು ತಿರುಗುತ್ತದೆ. ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು. ಹಲಗೆಯ ಮೇಲೆ ಒಂದು ಪೆಟ್ಟಿಗೆಯಿಟ್ಟು, ಅದರ ಅಡಿಯ ಒಂದು ಮೂಲೆಗೆ ಮಾತ್ರ ತುಸು ಮೇಣ ಅಂಟಿಸಿ, ಹಲಗೆಯನ್ನು ನೇರವಾಗಿ ಸರಕ್ಕನೆ ಎಳೆದರೆ ಪೆಟ್ಟಿಗೆ ಆ ಮೂಲೆಯ ಸುತ್ತ ತಿರುಗುತ್ತದೆ.

ಸಣ್ಣ ಒಗಟೊಂದರ ಬಿಡುಗಡೆಯಂತೆ ತೋರುವ ಈ ವಿಚಾರದಿಂದ ದೊಡ್ಡ ಸಿದ್ಧಾಂತ ಹೊರಟಿತು. ಭೂಕಂಪವೆಂದರೆ ನೆಲದ ಘನ ಪದಾರ್ಥದೊಳಗೆ ಹಾದುಹೋಗುವ ಅಲೆ. ಗಾಳಿಯಲ್ಲಿ ಶಬ್ದ ಸಾಗುವಂತೆ ಬಂಡೆಯಲ್ಲಿ ಈ ಅಲೆ ಸಾಗುತ್ತದೆ ಎಂದು ಅವರು 1846ರಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಮಂಡಿಸಿದರು. ಅಲೆಯಾದ ಮೇಲೆ ಅದಕ್ಕೆ ಹುಟ್ಟುವ ಸ್ಥಳವಿರಬೇಕು, ದಿಕ್ಕಿರಬೇಕು, ವೇಗವಿರಬೇಕು. ಇವನ್ನೆಲ್ಲ ಅಳೆಯಲೂ ಬರಬೇಕು.

ಮರಳಿನಲ್ಲಿ ಹೂತ ಮದ್ದು

ಅಳೆಯುವುದು ಹೇಗೆ? ಐರ್ಲೆಂಡಿನಲ್ಲಿ ದೊಡ್ಡ ಭೂಕಂಪಗಳು ಆಗುವುದಿಲ್ಲ. ಆದಕಾರಣ ಮ್ಯಾಲೆಟ್ ತಾವೇ ಕಂಪನವನ್ನು ಉಂಟುಮಾಡಿದರು. 1849ರಲ್ಲಿ ಡಬ್ಲಿನ್ ಸಮೀಪದ ಕಿಲೈನಿ ಕಡಲ ದಂಡೆಯ ಮರಳಿನಲ್ಲಿ ಸಿಡಿಮದ್ದನ್ನು ಹೂತು ಸಿಡಿಸಿದರು. ಅರ್ಧ ಮೈಲಿಯಷ್ಟು ದೂರದಲ್ಲಿ ಪಾದರಸ ತುಂಬಿದ ಪಾತ್ರೆಯೊಂದನ್ನು ಇಟ್ಟಿದ್ದರು. ಪಾದರಸದ ಕನ್ನಡಿಯಂತಹ ಮೈಮೇಲೆ ಬಿದ್ದ ಗೆರೆಯ ಪ್ರತಿಬಿಂಬ ಕದಲಿದ ಕ್ಷಣವೇ ಅಲೆ ಬಂದು ಮುಟ್ಟಿದ ಕ್ಷಣ. ಈ ಕೆಲಸದಲ್ಲಿ ಮಗ ಜಾನ್ ವಿಲಿಯಂ ಅವರ ಜೊತೆಗಿದ್ದರು.

ಮರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 250 ಮೀಟರ್, ಹತ್ತಿರದ ಡಾಲ್ಕಿಯ ಗ್ರಾನೈಟ್ ಬಂಡೆಯಲ್ಲಿ ಸುಮಾರು 500 ಮೀಟರ್ ಎಂದು ಲೆಕ್ಕ ಬಂದಿತು. ಅವರು ನಿರೀಕ್ಷಿಸಿದ್ದಕ್ಕಿಂತ ಇದು ಬಹಳ ಕಡಿಮೆ. ಬಂಡೆಯಲ್ಲಿ ತುಂಬಿರುವ ಸೀಳುಗಳು ಅಲೆಯನ್ನು ತಡೆದಿರಬೇಕೆಂದು ಅವರು ಭಾವಿಸಿದರು. ಪಾದರಸದ ಪಾತ್ರೆಗೆ ಮೊದಲು ಬರುವ ಸೂಕ್ಷ್ಮ ಕಂಪನಗಳನ್ನು ಹಿಡಿಯುವ ಶಕ್ತಿ ಇರಲಿಲ್ಲವೆಂಬುದು ಮುಂದೆ ತಿಳಿದುಬಂದಿತು. ಅಂಕಿಗಳು ತಪ್ಪಿದರೂ ದಾರಿ ತಪ್ಪಿರಲಿಲ್ಲ. ನೆಲದಲ್ಲಿ ಕೃತಕ ಕಂಪನವೆಬ್ಬಿಸಿ ಒಳಗಿನ ಪದರಗಳನ್ನು ತಿಳಿಯುವ ಕ್ರಮ ಇಂದು ತೈಲನಿಕ್ಷೇಪಗಳ ಶೋಧನೆಯಲ್ಲಿ ನಿತ್ಯ ಬಳಕೆಯಲ್ಲಿದೆ.

ಅದೇ ಕಾಲದಲ್ಲಿ ತಂದೆ ಮಗ ಇನ್ನೊಂದು ಬೃಹತ್ ಕಾರ್ಯವನ್ನೂ ಕೈಗೊಂಡರು. ಕ್ರಿ.ಪೂ. 1606ರಿಂದ 1850ರ ದಶಕದವರೆಗೆ ದಾಖಲಾದ 6,831 ಭೂಕಂಪಗಳ ಪಟ್ಟಿಯನ್ನು ಸಿದ್ಧಪಡಿಸಿ, ಅವನ್ನು ಲೋಕದ ಭೂಪಟದ ಮೇಲೆ ಗುರುತಿಸಿದರು. ಭೂಕಂಪಗಳು ಎಲ್ಲೆಂದರಲ್ಲಿ ಚೆಲ್ಲಿಲ್ಲ, ಪರ್ವತಶ್ರೇಣಿಗಳನ್ನೂ ಕೆಲವು ಕರಾವಳಿಗಳನ್ನೂ ಅನುಸರಿಸಿ ಪಟ್ಟಿಗಳಂತೆ ಸಾಗಿವೆ ಎಂಬುದು ಆ ನಕ್ಷೆಯಲ್ಲಿ ಕಣ್ಣಿಗೆ ಕಟ್ಟಿತು. ಆ ಪಟ್ಟಿಗಳೇ ಭೂಫಲಕಗಳು ಪರಸ್ಪರ ಸಂಧಿಸುವ ಅಂಚುಗಳೆಂದು ಲೋಕಕ್ಕೆ ತಿಳಿಯಲು ಮುಂದೆ ನೂರು ವರ್ಷಗಳೇ ಬೇಕಾದವು.

ಅವಶೇಷಗಳ ನಡುವೆ

1857ರ ಡಿಸೆಂಬರ್ 16ರ ರಾತ್ರಿ ದಕ್ಷಿಣ ಇಟಲಿಯ ಬೆಸಿಲಿಕಾಟಾ ಸೀಮೆ ನಡುಗಿತು. 10 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೊಂಟೆಮುರೊ, ಸಪೊನಾರಾದಂತಹ ಗುಡ್ಡದ ಮೇಲಿನ ಊರುಗಳು ಕಲ್ಲಿನ ರಾಶಿಗಳಾದವು. ಸುದ್ದಿ ತಲುಪಿದೊಡನೆ, ಆ ತಿಂಗಳು ಮುಗಿಯುವುದರೊಳಗೆ, ಮ್ಯಾಲೆಟ್ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಪ್ರವಾಸಕ್ಕೆ ಧನಸಹಾಯ ಕೋರಿದರು. 150 ಪೌಂಡ್ ಮಂಜೂರಾಯಿತು. ಅವಶೇಷಗಳನ್ನು ತೆರವುಗೊಳಿಸಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ ಎಂಬುದೇ ಅವರ ಅವಸರಕ್ಕೆ ಕಾರಣ. ಮೂರು ವರ್ಷಗಳ ಹಿಂದೆ ಪತ್ನಿಯನ್ನು ಕಳೆದುಕೊಂಡಿದ್ದ, ನಲವತ್ತೇಳರ ಆ ಎಂಜಿನಿಯರ್ 1858ರ ಫೆಬ್ರವರಿಯ ಚಳಿಯಲ್ಲಿ ನೇಪಲ್ಸ್ ರಾಜ್ಯದ ಬೆಟ್ಟದ ದಾರಿಗಳನ್ನು ಹಿಡಿದರು.

ಅವರ ಕ್ರಮ ಹೀಗಿತ್ತು. ಒಂದು ಊರಿಗೆ ಹೋದೊಡನೆ ಸರಳ ಆಕಾರದ, ನೇರ ಗೋಡೆಗಳ ಕಟ್ಟಡಗಳನ್ನು ಹುಡುಕುವುದು. ದಿಕ್ಸೂಚಿಯಿಂದ ಗೋಡೆಯ ದಿಕ್ಕನ್ನು ಗುರುತಿಸುವುದು. ಬಿರುಕು ಎಲ್ಲಿ ಹುಟ್ಟಿದೆ, ಎಷ್ಟು ಅಗಲವಿದೆ, ನೆಟ್ಟಗಿದೆಯೋ ಓರೆಯಾಗಿದೆಯೋ ಎಂದು ಅಳೆಯುವುದು. ಅಲೆ ಬಂದ ದಿಕ್ಕಿಗೆ ಬಿರುಕು ಅಡ್ಡಲಾಗಿ ಸೀಳುತ್ತದೆ ಎಂಬುದು ಅವರ ಆಧಾರಸೂತ್ರ. ಗೋಡೆಗೆ ಎದುರಾಗಿ ಬಂದ ಅಲೆ ಅದನ್ನು ಹೊರಕ್ಕೆ ತಳ್ಳುತ್ತದೆ. ಮೂಲೆಯ ಕಡೆಯಿಂದ ಬಂದ ಅಲೆ ಮೂಲೆಯನ್ನೇ ಕೀಳುತ್ತದೆ. ಕೆಳಗಿನಿಂದ ಏರಿ ಬಂದ ಅಲೆ ಓರೆ ಬಿರುಕನ್ನು ಬಿಡುತ್ತದೆ. ಕಂಬದ ತುದಿಯಿಂದ ಹಾರಿಬಿದ್ದ ಕಲ್ಲಿನ ಗುಂಡು ಎಷ್ಟು ಎತ್ತರದಿಂದ ಎಷ್ಟು ದೂರಕ್ಕೆ ಬಿದ್ದಿದೆ ಎಂದು ಅಳೆದು, ನೆಲ ಎಷ್ಟು ವೇಗದಲ್ಲಿ ಜಗ್ಗಿತೆಂದು ಲೆಕ್ಕಹಾಕುತ್ತಿದ್ದರು.

ಊರೂರಿನಲ್ಲಿ ದೊರೆತ ದಿಕ್ಕುಗಳನ್ನು ನಕ್ಷೆಯ ಮೇಲೆ ಹಿಂದಕ್ಕೆ ಎಳೆದಾಗ ಆ ಗೆರೆಗಳು ಕಜ್ಜಾನೊ ಎಂಬ ಊರಿನ ಆಸುಪಾಸಿನಲ್ಲಿ ಒಂದುಗೂಡಿದವು. ಓರೆ ಬಿರುಕುಗಳ ಕೋನದಿಂದ ಕಂಪನದ ಮೂಲ ಸುಮಾರು 10 ಕಿಲೋಮೀಟರ್ ಆಳದಲ್ಲಿದೆ ಎಂದು ಅಂದಾಜಿಸಿದರು. ಭೂಕಂಪ ಎಷ್ಟು ಆಳದಲ್ಲಿ ಹುಟ್ಟಿತೆಂದು ನಿಂತ ನೆಲದ ಮೇಲಿನ ಸಾಕ್ಷ್ಯದಿಂದ ಲೆಕ್ಕಹಾಕುವ ಮೊದಲ ಗಂಭೀರ ಪ್ರಯತ್ನವದು. ಬಹುಪಾಲು ಉರುಳಿದ ಊರುಗಳು, ಹೆಚ್ಚು ಹಾನಿಗೊಂಡವು, ಅಲ್ಪ ಹಾನಿಯವು, ಬರಿಯ ನಡುಕ ಕಂಡವು ಎಂದು ಪ್ರದೇಶವನ್ನು ನಾಲ್ಕಾಗಿ ವಿಂಗಡಿಸಿ, ಸಮಾನ ಹಾನಿಯ ಊರುಗಳನ್ನು ಸೇರಿಸುವ ಗೆರೆಗಳನ್ನು ಎಳೆದರು. ಅವಶೇಷಗಳ ಛಾಯಾಚಿತ್ರಗಳನ್ನೂ ತೆಗೆಸಿದರು. 1862ರಲ್ಲಿ ಈ ವರದಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಕೊಂದದ್ದು ಯಾವುದು?

ವರದಿಯಲ್ಲಿ ಇಂದಿಗೂ ಮನಸ್ಸನ್ನು ತಟ್ಟುವ ಭಾಗ ಮನೆಗಳ ಕುರಿತಾದುದು. ಆ ಸೀಮೆಯ ಬಡವರ ಮನೆಗಳ ಗೋಡೆಗಳು ದಪ್ಪವಾಗಿದ್ದವು, ಆದರೆ ಗಟ್ಟಿಯಾಗಿರಲಿಲ್ಲ. ಒರಟು ಕಲ್ಲುಗಳು, ಅವುಗಳ ನಡುವೆ ಬಲವಿಲ್ಲದ ಗಾರೆ, ಗೋಡೆಯ ಎರಡು ಮೈಗಳನ್ನು ಬಿಗಿದು ಹಿಡಿಯುವ ಅಡ್ಡಗಲ್ಲುಗಳ ಕೊರತೆ, ಮೇಲೆ ಭಾರವಾದ ಮಾಳಿಗೆ ಮತ್ತು ಚಾವಣಿ. ಚೆನ್ನಾಗಿ ಕಟ್ಟಿದ ಕಟ್ಟಡ ತಾಳಿಕೊಂಡ ಅಲೆಗೆ ಇವು ಬಿಡಿಬಿಡಿಯಾಗಿ ಸುರಿದುಹೋದವು. ಹಾನಿಯ ಹೆಚ್ಚು ಕಡಿಮೆ ನೆಲದ ನಡುಕವನ್ನು ಮಾತ್ರ ಹೇಳುವುದಿಲ್ಲ, ಕಟ್ಟಿದ ಕೈಯನ್ನೂ ಹೇಳುತ್ತದೆ ಎಂಬುದನ್ನು ಮ್ಯಾಲೆಟ್ ಊರೂರಿನಲ್ಲಿ ಕಂಡರು.

ಈ ವರ್ಣನೆಯನ್ನು ಓದುವ ಸೊಲ್ಲಾಪುರ, ಜತ್ತ ಕಡೆಯವರಿಗೆ ಅದು ಪರದೇಶದ ಸಂಗತಿಯೆನಿಸದು. ಕಿಲ್ಲಾರಿಯ ಹಳ್ಳಿಗಳಲ್ಲಿಯೂ ಬಿದ್ದದ್ದು ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳು. ಮಲಗಿದ್ದವರನ್ನು ಹೂತದ್ದು ಜಂತಿಗಳ ಮೇಲೆ ಅಡಿಗಟ್ಟಲೆ ಪೇರಿಸಿದ್ದ ಮಾಳಿಗೆಯ ಮಣ್ಣು. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಣ್ಣೇ ಆ ನಸುಕಿನಲ್ಲಿ ಮೃತ್ಯುವಾಯಿತು. ಕಂಬಗಳು ಮಾಳಿಗೆಯನ್ನು ಸ್ವತಂತ್ರವಾಗಿ ಹೊತ್ತಿದ್ದ ಕೆಲವು ಮನೆಗಳು ಗೋಡೆ ಕಳಚಿದರೂ ನಿಂತವು. ಮ್ಯಾಲೆಟ್ ಇಟಲಿಯಲ್ಲಿ ಕಲಿತ ಪಾಠವನ್ನು ನಮ್ಮ ನೆರೆಯ ನೆಲ 136 ವರ್ಷಗಳ ಬಳಿಕ ಬಹಳ ದೊಡ್ಡ ಬೆಲೆ ತೆತ್ತು ಮತ್ತೆ ಕಲಿತುಕೊಂಡಿತು.

ತಪ್ಪಿದ್ದೆಲ್ಲಿ, ಉಳಿದದ್ದೇನು

ಮ್ಯಾಲೆಟ್ ಹೇಳಿದ್ದೆಲ್ಲವೂ ಉಳಿಯಲಿಲ್ಲ. ಭೂಗರ್ಭದಲ್ಲಿ ಹಠಾತ್ತನೆ ಸೀಳು ತೆರೆದು ಅದರೊಳಗೆ ಹಬೆ ನುಗ್ಗುವುದೇ ಕಂಪನದ ಕಾರಣವೆಂದು ಅವರು ನಂಬಿದ್ದರು. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವನ್ನು ಪರಿಶೀಲಿಸಿದ ಹ್ಯಾರಿ ಫೀಲ್ಡಿಂಗ್ ರೀಡ್, ಬಂಡೆಗಳು ದೀರ್ಘಕಾಲ ಬಿಗಿದುಕೊಂಡು ಕೊನೆಗೆ ಸ್ತರಭಂಗದ ಉದ್ದಕ್ಕೂ ಜಾರಿದಾಗ ಭೂಕಂಪವಾಗುತ್ತದೆ ಎಂದು 1910ರಲ್ಲಿ ವಿವರಿಸಿದರು. ಬಿರುಕುಗಳಿಂದ ಅಲೆಯ ದಿಕ್ಕನ್ನು ಖಚಿತವಾಗಿ ಹೇಳಲಾಗದು, ಒಂದೇ ಭೂಕಂಪದಲ್ಲಿ ನೆಲ ಹಲವು ದಿಕ್ಕಿಗೆ ಅಲುಗುತ್ತದೆ ಎಂಬುದೂ ಯಂತ್ರಗಳು ಬಂದ ಮೇಲೆ ತಿಳಿಯಿತು.

ಆದರೆ ಭೂಕಂಪವಾದೊಡನೆ ಸ್ಥಳಕ್ಕೆ ಧಾವಿಸುವುದು, ಅವಶೇಷ ಕದಲುವ ಮೊದಲೇ ಅಳೆಯುವುದು, ಹಾನಿಯ ನಕ್ಷೆ ಬರೆಯುವುದು, ಹಳೆಯ ದಾಖಲೆಗಳನ್ನು ಕೂಡಿಸುವುದು: ಈ ಶಿಸ್ತು ಉಳಿಯಿತು. ಅದು ಭಾರತಕ್ಕೂ ಬಂದಿತು. ಡಬ್ಲಿನ್‌ನವರೇ ಆದ ಥಾಮಸ್ ಓಲ್ಡ್‌ಹ್ಯಾಮ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದಾಗ 1869ರ ಕಚಾರ್ ಭೂಕಂಪವನ್ನು ಮ್ಯಾಲೆಟ್ ಅವರ ಕ್ರಮದಲ್ಲಿಯೇ ಅಭ್ಯಾಸ ಮಾಡಿದರು. ಅವರ ಮಗ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಮಹಾಭೂಕಂಪದ ವರದಿ ಬರೆದರು. ಭೂಮಿಗೆ ಬೇರೆಯೇ ಒಂದು ಗರ್ಭವಿದೆಯೆಂದು ಅಲೆಗಳ ಆಧಾರದಿಂದ 1906ರಲ್ಲಿ ತೋರಿಸಿದವರೂ ಅವರೇ. ಮ್ಯಾಲೆಟ್ ಅವರ ಇನ್ನೊಬ್ಬ ಮಗ ಫ್ರೆಡರಿಕ್ ರಿಚರ್ಡ್ ಅದೇ ಸರ್ವೇಕ್ಷಣೆಯಲ್ಲಿ ದುಡಿದು ಭಾರತದ ಖನಿಜಗಳ ಬಗೆಗೆ ಗ್ರಂಥ ಬರೆದರು.

ಕಿಲ್ಲಾರಿಯಲ್ಲಿಯೂ ವಿಜ್ಞಾನಿಗಳು ಇದೇ ಶಿಸ್ತನ್ನು ಹೊಸ ಸಾಧನಗಳೊಡನೆ ಅನುಸರಿಸಿದರು. ಹಾನಿಯ ನಕ್ಷೆ ಬರೆದರು, ಹೊಲದಲ್ಲಿ ಎದ್ದ ಸೀಳುಗಳನ್ನು ಕಂದಕ ತೋಡಿ ನೋಡಿದರು, ಕಪ್ಪುಕಲ್ಲಿನ ಪದರವನ್ನು ದಾಟಿ ಅದರಡಿಯ ಪುರಾತನ ಶಿಲೆಯವರೆಗೆ ಕೊರೆದರು. ಅತಿ ಕಡಿಮೆ ಅಪಾಯದ ವಲಯವೆಂದು ಗುರುತಾಗಿದ್ದ ಆ ಪ್ರದೇಶವನ್ನು 2002ರ ಭೂಕಂಪ ವಲಯ ನಕ್ಷೆಯಲ್ಲಿ ಮೇಲಿನ ಮೂರನೆಯ ವಲಯಕ್ಕೆ ಸೇರಿಸಲಾಯಿತು.

ಕೊನೆಯ ವರ್ಷಗಳು

1861ರಲ್ಲಿ ಮ್ಯಾಲೆಟ್ ಲಂಡನ್ನಿಗೆ ಬಂದು ನೆಲೆಸಿ ಸಲಹೆಗಾರ ಎಂಜಿನಿಯರ್ ಆಗಿ ದುಡಿದರು. 1877ರಲ್ಲಿ ಭೂವಿಜ್ಞಾನದ ಉನ್ನತ ಗೌರವವಾದ ವುಲ್ಲಾಸ್ಟನ್ ಪದಕ ಅವರಿಗೆ ಸಂದಿತು. ಅಷ್ಟರಲ್ಲಿ ಅವರ ದೃಷ್ಟಿ ಹೋಗಿತ್ತು. ಕೂದಲೆಳೆಯ ಬಿರುಕನ್ನೂ ಬಿಡದೆ ನೋಡಿದ್ದ ಕಣ್ಣುಗಳು ಬಾಳಿನ ಕೊನೆಯ ಏಳು ವರ್ಷ ಬಹುಮಟ್ಟಿಗೆ ಕತ್ತಲಲ್ಲಿ ಕಳೆದವು. 1881ರ ನವೆಂಬರ್ 5ರಂದು ಅವರು ತೀರಿಕೊಂಡರು.

ನೆಲ ಎಂದು ನಡುಗುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಮ್ಯಾಲೆಟ್ ಅವರಿಗೆ ಇರಲಿಲ್ಲ. ಇಂದಿಗೂ ಯಾರಿಗೂ ಇಲ್ಲ. ಆದರೆ ಯಾವ ಗೋಡೆ ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ಮುಂಚಿತವಾಗಿಯೇ ತಿಳಿಯಬಹುದಾದ ಸಂಗತಿ. ಹಳೆಯ ಕಲ್ಲುಮನೆಯಲ್ಲಿ ವಾಸಿಸುವವರು ಮಾಳಿಗೆಯ ಮೇಲೆ ವರ್ಷ ವರ್ಷ ಸುರಿದ ಮಣ್ಣಿನ ಭಾರವನ್ನು ಇಳಿಸುವುದು, ಗೋಡೆಯ ಒಳಮೈ ಹೊರಮೈಗಳನ್ನು ಅಡ್ಡಗಲ್ಲಿನಿಂದ ಹೆಣೆಯುವುದು, ಹೊಸದಾಗಿ ಕಟ್ಟುವವರು ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಬಿಗಿಯುವುದು, ಇವೆಲ್ಲ ಊರಿನ ಗೌಂಡಿಯ ಕೈಗೆ ನಿಲುಕುವ ಕೆಲಸಗಳೇ.