ಮೈಕೋ ಪಂಪಿನ ಹಿಂದಿನ ಗಡ್ಡದಜ್ಜ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಂದ ನಮಗೆ ಬಾಷ್ ಅನ್ನೋ ಹೆಸರಿಗಿಂತ ಮೊದಲು ಗೊತ್ತಿದ್ದಿದ್ದು ಮೈಕೋ. ಅರಬೈಲ್ ಘಟ್ಟ, ದೇವಿಮನೆ ಘಟ್ಟ ಹತ್ತೋ ಹಳೇ ಲಾರಿಗಳ ಡೀಸೆಲ್ ಪಂಪಿಗೆ ಗ್ಯಾರೇಜಿನಲ್ಲಿ ಮೈಕೋ ಪಂಪ್ ಅಂತಲೇ ಹೆಸರು. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿಸಿಕೊಂಡಿತು. ಆದರೆ ಬಾಷ್ ಅನ್ನೋದು ಒಬ್ಬ ಮನುಷ್ಯನ ಹೆಸರು, ಅವನು ಜೀವನಪೂರ್ತಿ ತಲೆ ಕೆಡಿಸಿಕೊಂಡ ವಿಷಯಕ್ಕೂ ನಾವು ಇಸಿಯುಗೆ ಕ್ರ್ಯಾಂಕ್ ಟ್ರಿಗರ್ ಸೆಟ್ ಮಾಡುವಾಗ ಒದ್ದಾಡೋ ವಿಷಯಕ್ಕೂ ನಂಟಿದೆ ಅಂತ ನಮ್ಮ ಟೆಕ್ಸ್ಟ್‌ಬುಕ್ಕು ಹೇಳಲ್ಲ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ಹತ್ತಿರದ ಆಲ್ಬೆಕ್ ಅನ್ನೋ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪನಿಗೆ ಜಮೀನಿತ್ತು, ಊರಲ್ಲಿ ಒಂದು ವಸತಿಗೃಹವೂ ಇತ್ತು. ಹುಡುಗ ಕಾಲೇಜು ದಾರಿ ಹಿಡಿಯಲಿಲ್ಲ, ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯೋಕೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ. ಆ ಮೇಸ್ತ್ರಿ ಸರಿಯಾಗಿ ಕಲಿಸಲಿಲ್ಲ ಅನ್ನೋ ಸಿಟ್ಟು ಅವನಿಗೆ ಕೊನೇವರೆಗೂ ಇತ್ತಂತೆ. ಆಮೇಲೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಕೂತು ಪಾಠ ಕೇಳಿದ. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ, ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್‌ನಲ್ಲಿ ದುಡಿದ. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಒಂದು ವರ್ಕ್‌ಶಾಪ್ ತೆರೆದ. ಜೊತೆಗಿದ್ದಿದ್ದು ಒಬ್ಬ ಮೆಕ್ಯಾನಿಕ್, ಒಬ್ಬ ಕೆಲಸದ ಹುಡುಗ. ಟೆಲಿಫೋನ್, ಕರೆಗಂಟೆ, ಏನು ಸಿಕ್ಕಿದರೂ ಮಾಡಿಕೊಡ್ತಿದ್ದ.

1887ರಲ್ಲಿ ಒಬ್ಬ ಗಿರಾಕಿ ನಿಂತಲ್ಲೇ ಓಡೋ ಗ್ಯಾಸ್ ಎಂಜಿನ್ನಿಗೆ ಮ್ಯಾಗ್ನೆಟೋ ಬೇಕು ಅಂತ ಕೇಳಿದ. ಮ್ಯಾಗ್ನೆಟೋ ಬಾಷ್ ಕಂಡುಹಿಡಿದಿದ್ದಲ್ಲ, ಇದನ್ನ ಸ್ಪಷ್ಟವಾಗಿ ಹೇಳಬೇಕು. ಡಾಯ್ಟ್ಸ್ ಕಂಪನಿಯ ಎಂಜಿನ್ನಲ್ಲಿ ಆಗಲೇ ಇತ್ತು. ಅವನು ಅದನ್ನು ನೋಡಿ, ಸುಧಾರಿಸಿ, ನಂಬಿಕೆಯಿಂದ ಓಡೋ ಹಾಗೆ ಮಾಡಿದ.

ಮ್ಯಾಗ್ನೆಟೋ ಅಂದರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋ ಪೆಟ್ರೋಲ್ ಮಷೀನಿದೆಯಲ್ಲ, ಅದಕ್ಕೆ ಬ್ಯಾಟರಿ ಇರಲ್ಲ. ಹಗ್ಗ ಎಳೆದರೆ ಫ್ಲೈವೀಲ್‌ನಲ್ಲಿರೋ ಆಯಸ್ಕಾಂತ ಕಾಯಿಲ್ ಪಕ್ಕ ಹಾದುಹೋಗುತ್ತೆ, ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತೆ, ಪ್ಲಗ್ಗಿನಲ್ಲಿ ಕಿಡಿ ಬರುತ್ತೆ. ತತ್ವ ಅಷ್ಟೇ. ಕಷ್ಟ ಇರೋದು ಆ ಕಿಡಿ ಯಾವಾಗ ಬರಬೇಕು ಅನ್ನೋದರಲ್ಲಿ.

1897ರಲ್ಲಿ ಫ್ರೆಡ್ರಿಕ್ ಸಿಮ್ಸ್ ಅನ್ನೋ ವ್ಯಾಪಾರಿ ಒಂದು ದ ದಿಯೋಂ ಬೂತೋಂ ಮೂರು ಚಕ್ರದ ಗಾಡಿ ತಂದು, ಇದಕ್ಕೆ ಮ್ಯಾಗ್ನೆಟೋ ಕೂರಿಸಿ ಅಂದ. ನಿಂತ ಎಂಜಿನ್ನುಗಳು ನಿಧಾನಕ್ಕೆ ಓಡ್ತಿದ್ದವು, ಈ ಗಾಡಿಯದ್ದು ಸಾವಿರ ಆರ್‌ಪಿಎಂ ದಾಟುತ್ತಿತ್ತು. ತಂತಿ ಸುತ್ತಿದ ಭಾರದ ಆರ್ಮೇಚರ್ ಅಷ್ಟು ವೇಗಕ್ಕೆ ಅಲ್ಲಾಡೋಕೆ ಸಾಧ್ಯವೇ ಇರಲಿಲ್ಲ. ಉಪಾಯ ಹೊಳೆದಿದ್ದು ಬಾಷ್‌ಗಲ್ಲ, ಅವನ ಫೋರ್‌ಮನ್ ಆರ್ನಾಲ್ಡ್ ಝೇರಿಂಗರ್‌ಗೆ. ಆರ್ಮೇಚರನ್ನು ನಿಲ್ಲಿಸಿಬಿಟ್ಟ, ಆಯಸ್ಕಾಂತವೂ ನಿಂತೇ ಇತ್ತು, ನಡುವೆ ಒಂದು ಹಗುರ ಕಬ್ಬಿಣದ ಸ್ಲೀವ್ ಮಾತ್ರ ಆಡೋ ಹಾಗೆ ಮಾಡಿದ.

ಈಗ ನಿಮ್ಮ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರ್ ನೋಡಿ. ವಿಆರ್ ಸೆನ್ಸರ್ ಆಗಿದ್ದರೆ ಒಳಗೆ ಆಯಸ್ಕಾಂತ, ಅದರ ಸುತ್ತ ಕಾಯಿಲ್, ಎರಡೂ ಅಲ್ಲಾಡಲ್ಲ. ಎದುರಿಗೆ ಹಲ್ಲಿನ ಚಕ್ರದ ಕಬ್ಬಿಣ ಹಾದುಹೋಗುತ್ತೆ. ಝೇರಿಂಗರ್ ಮಾಡಿದ್ದೂ ಇದನ್ನೇ! ಅವನು ಅದರಿಂದ ಕಿಡಿ ಪಡೆದ, ನಾವು ಲೆಕ್ಕ ಪಡೀತೀವಿ. ಬಾಷ್ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಕಾಣೋ ಚಕ್ರ 60-2, ಅಂದರೆ 60 ಹಲ್ಲಿನ ಜಾಗದಲ್ಲಿ ಎರಡು ಇಲ್ಲ. ಒಂದೊಂದು ಹಲ್ಲಿಗೆ 6 ಡಿಗ್ರಿ, ಆ ಖಾಲಿ ಜಾಗವೇ ಗುರುತು. ಖಾಲಿ ಜಾಗ ದಾಟಿ ಎಷ್ಟನೇ ಹಲ್ಲಿಗೆ ಮೊದಲ ಸಿಲಿಂಡರ್ ಟಿಡಿಸಿಗೆ ಬರುತ್ತೆ ಅಂತ ಎಣಿಸಿ, ಆ ಕೋನ ಇಸಿಯುಗೆ ಹೇಳಬೇಕು. ಆಮೇಲೆ ಟೈಮಿಂಗನ್ನು ಒಂದು ಅಂಕಿಗೆ ಲಾಕ್ ಮಾಡಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯ ಗುರುತು ತಾಳೆ ಆಗುತ್ತಾ ನೋಡಬೇಕು. ಆರ್‌ಪಿಎಂ ಏರಿಸಿದಾಗ ಗುರುತು ಜಾರುತ್ತಿದ್ದರೆ ಮೊದಲು ಸೆನ್ಸರಿನ ಎರಡು ವೈರುಗಳ ಮೇಲೆ ಅನುಮಾನಪಡಿ. ಹಲ್ಲಿನ ನಡುಭಾಗ ಎದುರು ಬಂದಾಗ ವೋಲ್ಟೇಜು ಥಟ್ಟಂತ ಸೊನ್ನೆ ದಾಟುತ್ತೆ, ಇಸಿಯು ಹಿಡಿಯಬೇಕಾದ್ದು ಆ ಕ್ಷಣ. ವೈರು ಅದಲು ಬದಲಾದರೆ ಅದು ಹಲ್ಲುಗಳ ನಡುವಿನ ಇಳಿಜಾರನ್ನು ಹಿಡಿಯುತ್ತೆ, ಖಾಲಿ ಜಾಗದಲ್ಲಂತೂ ಲೆಕ್ಕ ಪೂರ್ತಿ ಕೆಡುತ್ತೆ. 6000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 28 ಮೈಕ್ರೋಸೆಕೆಂಡ್. ಕಿಡಿ ಜಾಸ್ತಿ ಮುಂಚೆ ಬಂದರೆ ಪಿಸ್ಟನ್ ತೂತಾಗೋದೂ ಇದೆ.

ಮತ್ತೆ ಬಾಷ್ ಹತ್ತಿರ ಬರೋಣ. ಝೇರಿಂಗರ್‌ನ ಉಪಾಯದಲ್ಲೂ ಸಿಲಿಂಡರ್ ಒಳಗೆ ಎರಡು ಲೋಹದ ತುದಿಗಳನ್ನು ಕಡ್ಡಿಯಿಂದ ಎಳೆದು ಬಿಡಿಸಿ ಕಿಡಿ ಮಾಡಬೇಕಿತ್ತು, ಸವೆತ ಜಾಸ್ತಿ. 1902ರಲ್ಲಿ ಅವನ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಮಾಡಿಕೊಟ್ಟ. ಆಮೇಲೆ ಹಿಂದೆ ನೋಡಲಿಲ್ಲ. 1906ಕ್ಕೆ ಒಂದು ಲಕ್ಷದ ಮ್ಯಾಗ್ನೆಟೋ ಹೊರಬಂತು. ಹೀಗೆ ದೊಡ್ಡ ಹೆಜ್ಜೆಗಳೆಲ್ಲ ಬೇರೆಯವರದ್ದು. ಆದರೆ ಅಂಥವರನ್ನು ಆರಿಸಿ, ಬಿಟ್ಟುಕೊಟ್ಟು, ಕಾದು ಕೂತಿದ್ದು ಬಾಷ್. ಇದೂ ಒಂದು ಎಂಜಿನಿಯರಿಂಗೇ ಅನ್ನೋದು ನಮ್ಮ ಅಭಿಪ್ರಾಯ.

ಅದೇ 1906ರಲ್ಲಿ ಎಂಟು ಗಂಟೆ ಕೆಲಸದ ದಿನ ತಂದ, ಆ ಕಾಲಕ್ಕೆ ಇದು ದೊಡ್ಡ ಸುದ್ದಿ. ಒಳ್ಳೇ ಮನಸ್ಸೂ ಇತ್ತು, ಎರಡು ಶಿಫ್ಟ್ ಓಡಿಸಬಹುದು ಅನ್ನೋ ಲೆಕ್ಕವೂ ಇತ್ತು. ಹಾಗಿದ್ದೂ 1913ರಲ್ಲಿ ಅವನ ಕಾರ್ಖಾನೆಯಲ್ಲೇ ದೊಡ್ಡ ಮುಷ್ಕರ ಆಯಿತು, ಅವನಿಗೆ ಅದು ತುಂಬ ನೋವು ಕೊಟ್ಟಿತು. ಜಿಪುಣತನದ ಕಥೆಯೂ ಇದೆ: ನೆಲದ ಮೇಲೆ ಬಿದ್ದ ಪೇಪರ್ ಕ್ಲಿಪ್ ಎತ್ತಿ, ಇದು ನನ್ನ ದುಡ್ಡು ಅಂತ ಗದರಿದನಂತೆ. ಹಾಗೆ ಗದರಿದವನೇ ಮೊದಲ ಮಹಾಯುದ್ಧದಲ್ಲಿ ಬಂದ ಲಾಭ ಇಟ್ಟುಕೊಳ್ಳೋಕೆ ಮನಸ್ಸಾಗದೆ, ನೆಕರ್ ನದಿಯ ಕಾಲುವೆಗೆ ಅಂತ ದೊಡ್ಡ ಮೊತ್ತ ಕೊಟ್ಟುಬಿಟ್ಟ. ಅದೇ ಯುದ್ಧದಲ್ಲಿ ಅಮೆರಿಕದಲ್ಲಿದ್ದ ಅವನ ಕಂಪನಿಯನ್ನ ಅಲ್ಲಿನ ಸರ್ಕಾರ ವಶಪಡಿಸಿಕೊಂಡಿತು. 1921ರಲ್ಲಿ ಆಗಿದ್ದ ಒಬ್ಬನೇ ಮಗ ಕಾಯಿಲೆಯಿಂದ ತೀರಿಕೊಂಡ. ಮುಂದಿನ ವರ್ಷ ಕಲ್ಕತ್ತಾದ ಏಜೆನ್ಸಿ ಮೂಲಕ ಅವನ ಸಾಮಾನು ಭಾರತಕ್ಕೆ ಬಂತು. 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪ್ ತಯಾರಾಯಿತು, ನಮ್ಮ ಲಾರಿಗಳ ಪಂಪಿನ ಅಜ್ಜ ಅದು.

ಹಿಟ್ಲರ್ ಬಂದ ಮೇಲಿನ ಕಥೆ ಅಷ್ಟು ಸುಲಭಕ್ಕೆ ಮುಗಿಯಲ್ಲ. ಬಾಷ್‌ಗೆ ನಾಜಿಗಳು ಇಷ್ಟ ಇರಲಿಲ್ಲ. ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಕಂಪನಿಯ ಸಲಹೆಗಾರ ಅನ್ನೋ ಕೆಲಸ ಕೊಟ್ಟು ನೆರಳಾದ. ಕಂಪನಿ ಮುಖ್ಯಸ್ಥ ಹಾನ್ಸ್ ವಾಲ್ಟ್ಸ್ ಯಹೂದಿಗಳಿಗೆ ಗುಟ್ಟಾಗಿ ಸಹಾಯ ಮಾಡಿದ. ಅದೇ ಹೊತ್ತಿಗೆ ಅದೇ ಕಂಪನಿ ಯುದ್ಧಕ್ಕೆ ಬೇಕಾದ ಸಾಮಾನು ಮಾಡ್ತಿತ್ತು, ಯುದ್ಧ ನಡೀತಿದ್ದಾಗ ಸಾವಿರಾರು ಜನ ಬಲವಂತದ ಕೂಲಿಗಳು ಅಲ್ಲಿ ದುಡಿದರು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಕಂಪನಿಯ ಬ್ರೋಷರ್ ಆಗುತ್ತೆ. 1942ರ ಮಾರ್ಚ್ 12ರಂದು ಸ್ಟುಟ್‌ಗಾರ್ಟ್‌ನಲ್ಲಿ ಬಾಷ್ ಸತ್ತಾಗ, ಅವನು ಒಪ್ಪದ ಸರ್ಕಾರವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿತು. ಗೋರ್ಡೆಲರ್‌ನನ್ನು 1945ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು.

ಮೈಕೋ ಶುರುವಾಗಿದ್ದು 1951ರಲ್ಲಿ, ಬಾಷ್ ಅದನ್ನು ನೋಡಲಿಲ್ಲ. ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳೋ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಬಂತು. ಅದಕ್ಕೆ ಫ್ಲೈವೀಲ್ ಹತ್ತಿರ ಎರಡು ಸೆನ್ಸರ್ ಇದ್ದವು, ಒಂದು ಸ್ಟಾರ್ಟರ್ ರಿಂಗಿನ ಹಲ್ಲು ಎಣಿಸೋಕೆ, ಇನ್ನೊಂದು ಸುತ್ತಿಗೊಂದು ಗುರುತು ಹಿಡಿಯೋಕೆ. 60-2 ಚಕ್ರ ಬಂದ ಮೇಲೆ ಎರಡೂ ಕೆಲಸಕ್ಕೆ ಒಂದೇ ಸೆನ್ಸರ್ ಸಾಕಾಯಿತು. ಆದರೂ ನಾಲ್ಕು ಸ್ಟ್ರೋಕಿಗೆ ಕ್ರ್ಯಾಂಕ್ ಎರಡು ಸುತ್ತು ಹಾಕುತ್ತೆ, ಇದು ಕಂಪ್ರೆಷನ್ನಾ ಎಕ್ಸಾಸ್ಟಾ ಅಂತ ಕ್ರ್ಯಾಂಕ್ ಸೆನ್ಸರ್ ಒಂದಕ್ಕೇ ಗೊತ್ತಾಗಲ್ಲ. ಅದನ್ನು ಹೇಳೋಕೆ ಕ್ಯಾಮ್ ಸೆನ್ಸರ್ ಬೇಕು. ಇಲ್ಲದಿದ್ದರೆ ಎರಡು ಸುತ್ತಿನಲ್ಲೂ ಕಿಡಿ ಕೊಟ್ಟು ಒಂದನ್ನು ವ್ಯರ್ಥ ಮಾಡಬೇಕು. ನಮ್ಮ ಔಷಧಿ ಮಷೀನುಗಳಲ್ಲಿ ನಾಲ್ಕು ಸ್ಟ್ರೋಕಿನವು ಇವತ್ತಿಗೂ ಹಾಗೇ ಮಾಡ್ತವೆ.