ಚಕ್ರ ತಿರುಗಿಸಿದ ಲಕ್ಷ್ಮಣರಾವ್

ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಇದ್ದರೆ ಈ ಆಟ ನಿಮಗೆ ಗೊತ್ತೇ ಇರುತ್ತದೆ. ಚೆಂಡು ಎಸೆಯುತ್ತೀರಿ. ನಾಯಿ ಓಡಿ ಹೋಗಿ ಕಚ್ಚಿಕೊಂಡು ಬಂದು ನಿಮ್ಮ ಕಾಲ ಬಳಿ ಹಾಕುತ್ತದೆ, ಬಾಲ ಅಲ್ಲಾಡಿಸುತ್ತಾ ನಿಮ್ಮ ಮುಖ ನೋಡುತ್ತದೆ. ಮತ್ತೆ ಎಸೆಯುತ್ತೀರಿ. ಇಪ್ಪತ್ತು ಸಲ ಎಸೆಯುವಷ್ಟರಲ್ಲಿ ನಿಮ್ಮ ರಟ್ಟೆ ಸೋಲುತ್ತದೆ, ನಾಯಿಗೆ ಮಾತ್ರ ಸಾಕೆನಿಸುವುದಿಲ್ಲ.

ಇದಕ್ಕೆಂದೇ ಕೆಲವರು ಮನೆಯಲ್ಲಿ ಒಂದು ಯಂತ್ರ ಮಾಡಿಕೊಂಡಿದ್ದಾರೆ. ಅದರ ಮೇಲೆ ಅಗಲ ಬಾಯಿಯ ಲಾಳಿಕೆ ಇರುತ್ತದೆ. ತಂದ ಚೆಂಡನ್ನು ನಾಯಿಯೇ ಅದರೊಳಗೆ ಹಾಕುತ್ತದೆ. ಚೆಂಡು ಕೊಳವೆಯಲ್ಲಿ ಉರುಳಿ, ಜೋರಾಗಿ ತಿರುಗುತ್ತಿರುವ ಎರಡು ಗಾಲಿಗಳ ನಡುವೆ ಸಿಕ್ಕಿ, ರೊಯ್ಯನೆ ಹೊರಗೆ ಹಾರುತ್ತದೆ. ನಾಯಿ ಮತ್ತೆ ಓಡುತ್ತದೆ. ಕ್ರಿಕೆಟ್ ಆಟಗಾರರ ಅಭ್ಯಾಸಕ್ಕೆ ಚೆಂಡು ಎಸೆಯುವ ಯಂತ್ರವೂ ಹೆಚ್ಚು ಕಡಿಮೆ ಹೀಗೆಯೇ ಕೆಲಸ ಮಾಡುತ್ತದೆ.

ಇದರ ಅರ್ಧ ಭಾಗ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಕೈಯಿಂದ ಪೆಡಲ್ ತಿರುಗಿಸಿದರೆ ಹಿಂದಿನ ಗಾಲಿ ಭರ್ರನೆ ತಿರುಗುತ್ತದೆ. ಗಾಲಿಯ ಮೇಲ್ಭಾಗ ಆಗ ಸೈಕಲ್ಲಿನ ಹಿಂದಿನ ದಿಕ್ಕಿಗೆ ಓಡುತ್ತಿರುತ್ತದೆ. ಮಳೆಗಾಲದಲ್ಲಿ ಟಯರಿಗೆ ಮೆತ್ತಿದ ಎರೆಮಣ್ಣು ಹಿಂದಕ್ಕೆ ಸಿಡಿಯುವುದನ್ನು ನೀವು ನೋಡಿದ್ದೀರಲ್ಲ? ಅದೇ ದಿಕ್ಕು. ಗಾಲಿಯ ಮೇಲೆ ಒಂದು ಹಲಗೆಯನ್ನು ಗಟ್ಟಿಯಾಗಿ ನಿಲ್ಲಿಸಬೇಕು. ಟಯರಿಗೂ ಹಲಗೆಗೂ ನಡುವಿನ ಸಂದು ಚೆಂಡಿನ ಅಗಲಕ್ಕಿಂತ ತುಸು ಕಡಿಮೆ ಇರಲಿ. ಸೀಟಿನ ಕಡೆಯಿಂದ ಮೆತ್ತನೆಯ ರಬ್ಬರ್ ಚೆಂಡನ್ನು ಒಂದು ಕೊಳವೆಯಲ್ಲಿ ಉರುಳಿಸಿ ಆ ಸಂದಿಗೆ ಬಿಟ್ಟರೆ, ಅದು ಹಿಂದಿನ ಕಡೆ ಹಾರುತ್ತದೆ. ಹಲಗೆ ಕದಲದೆ ನಿಂತಿರುವುದರಿಂದ ಚೆಂಡು ಅದಕ್ಕೆ ಒತ್ತಿಕೊಂಡು ಉರುಳುತ್ತಾ ಹೋಗುತ್ತದೆ. ಹೀಗಾಗಿ ಟಯರಿನ ವೇಗದ ಸುಮಾರು ಅರ್ಧ ಮಾತ್ರ ಅದಕ್ಕೆ ಸಿಗುತ್ತದೆ. ಎರಡು ಗಾಲಿ ಹಾಕುವುದು ಇದಕ್ಕೇ. ಎರಡೂ ಕಡೆಯಿಂದ ತಳ್ಳಿದರೆ ಪೂರ್ತಿ ವೇಗ ಸಿಗುತ್ತದೆ. ಇದನ್ನು ದೊಡ್ಡವರನ್ನು ಜೊತೆಗಿಟ್ಟುಕೊಂಡೇ ಮಾಡಿ. ಗಾಲಿಯ ಕಡ್ಡಿಗಳ ಹತ್ತಿರ ಬೆರಳು ಹೋಗಬಾರದು, ನಾಯಿಯ ಮುಖ ಚೆಂಡು ಹೊರಬರುವ ಬಾಯಿಯ ಎದುರು ಇರಬಾರದು. ಲಾಳಿಕೆಗೆ ಚೆಂಡು ಹಾಕುವುದನ್ನು ನಾಯಿಗೆ ಕಲಿಸಲು ರೊಟ್ಟಿಯ ಚೂರು ಮತ್ತು ತಾಳ್ಮೆ ಎರಡೂ ಬೇಕು.

ಸೈಕಲ್ಲಿನಿಂದ ಶುರುಮಾಡಿ, ಮನೆಯ ಪ್ರಾಣಿಗಳಿಗೆ ಉಪಯೋಗವಾಗುವ ಯಂತ್ರಕ್ಕೆ ಕೈ ಹಾಕಿ, ಅಲ್ಲಿಂದ ಇಡೀ ದೇಶಕ್ಕೆ ಪರಿಚಿತರಾದವರೊಬ್ಬರು ನಮ್ಮ ಪಕ್ಕದಲ್ಲೇ ಹುಟ್ಟಿದ್ದರು. ಅವರ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಪಂಪ್‌ಸೆಟ್ಟಿನ ಮೇಲೆ, ಎಂಜಿನ್ನಿನ ಮೇಲೆ ಈ ಹೆಸರನ್ನು ನೀವು ಓದಿರಬಹುದು.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದು ಸವದತ್ತಿ ಸೀಮೆಯ ಊರು. ನವಲಗುಂದದ ಕಾಲುವೆಗೆ ನೀರು ಕೊಡುವ ನವಿಲುತೀರ್ಥದ ಅಣೆಕಟ್ಟು ಇರುವುದೂ ಸವದತ್ತಿಯ ಬಳಿಯೇ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಒಂದೇ ಊರು ಒಬ್ಬರನ್ನು ರಂಗಭೂಮಿಗೂ ಇನ್ನೊಬ್ಬರನ್ನು ಕಾರ್ಖಾನೆಗೂ ಕಳಿಸಿತು.

ಹುಡುಗ ಲಕ್ಷ್ಮಣನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸುವುದು ಮತ್ತು ಯಂತ್ರಗಳನ್ನು ನೋಡುವುದು ಇಷ್ಟ. ತಂದೆಗೆ ಇದು ಹಿಡಿಸಲಿಲ್ಲ. ಆದರೂ ಅಣ್ಣನ ನೆರವಿನಿಂದ ಅವರು 1885ರಲ್ಲಿ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಗೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಪೆಟ್ಟು ಬಿತ್ತು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ! ಇದನ್ನು ಬಣ್ಣಗುರುಡು ಎನ್ನುತ್ತಾರೆ. ನಮ್ಮ ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗಾಗುತ್ತದೆ. ಹುಟ್ಟಿನಿಂದಲೇ ಬರುವ ಈ ತೊಂದರೆ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ನಿಮ್ಮ ತರಗತಿಯಲ್ಲಿ ಯಾರಾದರೂ ಹಸಿರು ಎಲೆಗೆ ಕಂದು ಬಣ್ಣ ಹಚ್ಚಿದರೆ ನಗಬೇಡಿ, ಅವರಿಗೆ ಅದು ಹಾಗೆಯೇ ಕಾಣುತ್ತಿರಬಹುದು.

ಬಣ್ಣದ ಚಿತ್ರಗಾರನಾಗುವ ದಾರಿ ಮುಚ್ಚಿತು. ಆದರೆ ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲ. ಅದಕ್ಕೆ ನೇರ ಗೆರೆ ಮತ್ತು ಸರಿಯಾದ ಅಳತೆ ಸಾಕು. ಲಕ್ಷ್ಮಣರಾಯರು ಅದನ್ನು ಹಿಡಿದುಕೊಂಡರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ನಕ್ಷೆ ಕಲಿಸುವ ಕೆಲಸ ಸಿಕ್ಕಿತು. ಬಿಡುವಾದಾಗ ಅಲ್ಲಿಯ ಕಾರ್ಯಾಗಾರದಲ್ಲಿ ಯಂತ್ರ ಬಿಚ್ಚುವುದು, ಜೋಡಿಸುವುದು, ಅವುಗಳ ಬಗೆಗಿನ ಪುಸ್ತಕ ಓದುವುದು ನಡೆದಿತ್ತು. ಎಂಜಿನಿಯರಿಂಗ್ ಅವರು ಕಲಿತದ್ದು ಹೀಗೆ, ಪದವಿಯಿಲ್ಲದೆ.

ಆಗ ಸೈಕಲ್ ಹೊಸ ವಸ್ತು, ದುಬಾರಿ ವಸ್ತು. ದೊಡ್ಡ ಅಧಿಕಾರಿಗಳು, ಸಿರಿವಂತರು ಮಾತ್ರ ಕೊಳ್ಳುತ್ತಿದ್ದರು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರರಿಗೆ ಕಳಿಸುತ್ತಿದ್ದರು. ಅಣ್ಣ ಅಲ್ಲಿ ಮಾರುತ್ತಿದ್ದರು. ಹೀಗೆ 1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ಹುಟ್ಟಿತು. ಮುಂದೆ ಮುಂಬಯಿಯ ಕೆಲಸದಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೇ ಬಂದುಬಿಟ್ಟರು. ಬ್ರಿಟಿಷರ ಆಳ್ವಿಕೆಯ ಕಾಲ ಅದು. ಇಂಥದ್ದು ನಡೆಯುತ್ತಿತ್ತು.

ಸೈಕಲ್ ಮಾರುತ್ತಲೇ ಅವರ ಕಣ್ಣು ಕೊಟ್ಟಿಗೆಯ ಕಡೆಗೆ ತಿರುಗಿತು. ಎತ್ತಿನ ಮುಂದೆ ಉದ್ದನೆಯ ಜೋಳದ ಕಣಿಕೆ ಹಾಕಿದರೆ ಏನಾಗುತ್ತದೆ? ಎಲೆಯನ್ನೂ ಎಳೆಯ ತುದಿಯನ್ನೂ ಆರಿಸಿ ತಿನ್ನುತ್ತದೆ, ಗಟ್ಟಿ ದಂಟನ್ನು ಕಾಲಡಿ ತುಳಿಯುತ್ತದೆ. ಅದೇ ಕಣಿಕೆಯನ್ನು ಒಂದೆರಡು ಅಂಗುಲದ ಚೂರು ಮಾಡಿ ಹಾಕಿದರೆ ಆರಿಸಲು ಬರುವುದಿಲ್ಲ, ಹೆಚ್ಚಿನದು ಹೊಟ್ಟೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಣವೆ ಕರಗುತ್ತಾ ಬಂದಾಗ ಇದು ಎಷ್ಟು ದೊಡ್ಡ ಉಳಿತಾಯ ಎಂಬುದನ್ನು ಅಣ್ಣಿಗೇರಿಯ ಅಥವಾ ಕುಂದಗೋಳದ ಯಾವ ರೈತನನ್ನಾದರೂ ಕೇಳಿ. ಲಕ್ಷ್ಮಣರಾಯರು ತಮ್ಮ ಪುಟ್ಟ ಕಾರ್ಯಾಗಾರದಲ್ಲಿ ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರ ತಯಾರಿಸಲು ಆರಂಭಿಸಿದರು.

ಕೈಯಿಂದ ತಿರುಗಿಸುವ ಇಂಥ ಯಂತ್ರದ ಜೀವ ಇರುವುದು ಅದರ ಭಾರವಾದ ಗಾಲಿಯಲ್ಲಿ. ಫ್ಲೈವೀಲ್ ಎನ್ನುತ್ತಾರೆ. ಅಜ್ಜಿ ಬೀಸುವ ಕಲ್ಲಿನ ಗೂಟ ಬಿಟ್ಟರೂ ಕಲ್ಲು ಅರ್ಧ ಸುತ್ತು ತಾನೇ ಹೋಗುತ್ತದಲ್ಲವೇ? ಹಾಗೆಯೇ ಇದು. ನೀವು ಹಿಡಿಕೆ ಹಿಡಿದು ಸಮನಾಗಿ ತಿರುಗಿಸುತ್ತೀರಿ, ನಿಮ್ಮ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಗಾಲಿಯಲ್ಲಿ ಕೂಡುತ್ತದೆ. ಬ್ಲೇಡು ದಂಟಿಗೆ ತಾಗುವ ಆ ಒಂದು ಕ್ಷಣದಲ್ಲಿ ಕೂಡಿದ ಶಕ್ತಿ ಒಮ್ಮೆಗೇ ಹೊರಬರುತ್ತದೆ. ಗಾಲಿಯ ಭಾರವೆಲ್ಲ ಅಂಚಿನಲ್ಲಿ ಇದ್ದಷ್ಟೂ ಹೆಚ್ಚು ಶಕ್ತಿ ಹಿಡಿಯುತ್ತದೆ. ನಾಯಿಯ ಚೆಂಡು ಯಂತ್ರದಲ್ಲಿಯೂ ಆಗುವುದು ಇದೇ. ಗಾಲಿ ಮೊದಲೇ ತಿರುಗುತ್ತಿರುತ್ತದೆ, ಚೆಂಡು ಬಂದ ಕೂಡಲೇ ತನ್ನಲ್ಲಿರುವ ಶಕ್ತಿಯ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ. ಅದಕ್ಕೇ ಒಂದು ಚೆಂಡು ಹಾರಿದ ಕೂಡಲೇ ಗಾಲಿಯ ವೇಗ ತುಸು ತಗ್ಗುತ್ತದೆ.

ಮೇವಿನ ಯಂತ್ರದ ನಂತರ ನೇಗಿಲಿನ ಸರದಿ. ನಮ್ಮ ಕಟ್ಟಿಗೆಯ ರಂಟೆ ಮಣ್ಣನ್ನು ಸೀಳುತ್ತದೆ, ಆದರೆ ಪೂರ್ತಿ ಮಗುಚಿ ಹಾಕುವುದಿಲ್ಲ. ಕಬ್ಬಿಣದ ನೇಗಿಲಿಗೆ ಬಾಗಿದ ಒಂದು ತಗಡು ಇರುತ್ತದೆ. ಕುಳ ಕತ್ತರಿಸಿದ ಮಣ್ಣು ಆ ತಗಡನ್ನು ಏರಿ ಬುಡಮೇಲಾಗಿ ಬೀಳುತ್ತದೆ. ಮೇಲಿನ ಕಳೆ ಕೆಳಗೆ ಹೂತುಹೋಗುತ್ತದೆ, ಆಳದ ಕರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. 1903ರಲ್ಲಿ ಲಕ್ಷ್ಮಣರಾಯರ ಕಬ್ಬಿಣದ ನೇಗಿಲು ಸಿದ್ಧವಾಯಿತು.

ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಎಂದರೆ ಎಷ್ಟೆಂದು ಯೋಚಿಸಿ. ಐದನೆಯ ತರಗತಿಗೆ ಬಂದಾಗ ಶುರುಮಾಡಿ ಏಳಕ್ಕೆ ಕಾಲಿಡುವವರೆಗೆ ಕಾಯುವುದು. ಅಷ್ಟೂ ದಿನ ಕಬ್ಬಿಣಕ್ಕೆ, ಇದ್ದಿಲಿಗೆ, ಕೆಲಸಗಾರರ ಕೂಲಿಗೆ ಹಣ ಬೇಕು.

ವಿಷದ ನಂಬಿಕೆ ನಿಜವಾಗಿರಲಿಲ್ಲ. ಕಟ್ಟಿಗೆಯ ರಂಟೆಯ ತುದಿಯಲ್ಲೂ ಕಬ್ಬಿಣದ ಕುಳವೇ ಇತ್ತಲ್ಲ! ಕಲಘಟಗಿಯ ಕಡೆಯ ಕೆಮ್ಮಣ್ಣು ಕೆಂಪಾಗಿರುವುದೇ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಹಾಗೆಂದು ಆ ರೈತರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಕಟ್ಟಿಗೆಯ ರಂಟೆ ಮುರಿದರೆ ಊರಿನ ಬಡಿಗೇರನೇ ಸರಿಮಾಡುತ್ತಿದ್ದ, ಸುಗ್ಗಿಯಲ್ಲಿ ಕಾಳು ಕೊಟ್ಟರೆ ಆಗುತ್ತಿತ್ತು. ಕಬ್ಬಿಣದ್ದು ಮುರಿದರೆ ಎಲ್ಲಿಗೆ ಹೋಗುವುದು? ಮಳೆ ನಂಬಿದ ಹೊಲದಲ್ಲಿ ಒಂದು ಬೆಳೆ ತಪ್ಪಿದರೆ ವರ್ಷದ ಊಟ ತಪ್ಪಿದಂತೆ. ಪರೀಕ್ಷೆ ಮಾಡಲು ಸುಲಭದ ದಾರಿ ಇದೆ: ಹೊಲದ ಅರ್ಧ ಭಾಗ ಹಳೆಯ ರಂಟೆಯಿಂದ, ಅರ್ಧ ಹೊಸ ನೇಗಿಲಿನಿಂದ ಉತ್ತು, ಒಂದೇ ಬೀಜ ಒಂದೇ ದಿನ ಬಿತ್ತಿ, ಕೊನೆಗೆ ಕಾಳು ತೂಗಿ ನೋಡುವುದು. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈಗ ಹೋಲಿಕೆಯ ಪ್ರಯೋಗಗಳು ನಡೆಯುತ್ತವೆ. ಆಗ ನಮ್ಮ ಸೀಮೆಯ ರೈತನಿಗೆ ಅಂಥ ಆಸರೆ ಇರಲಿಲ್ಲ.

ಒಬ್ಬರು ಕೊಂಡರು, ಬೆಳೆ ಚೆನ್ನಾಗಿಯೇ ಬಂತು, ಪಕ್ಕದ ಹೊಲದವರು ನೋಡಿದರು. ನೇಗಿಲು ಮೆಲ್ಲನೆ ಹರಡತೊಡಗಿತು. ಅಷ್ಟರಲ್ಲಿ ಇನ್ನೊಂದು ತೊಂದರೆ. ಕಾರ್ಯಾಗಾರವಿದ್ದ ಜಾಗ ಬೆಳಗಾವಿಯ ಹೊಸ ಬಡಾವಣೆಗೆ ಬೇಕಾಯಿತು, ಬಿಟ್ಟು ಏಳಬೇಕಾಯಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಮನೆಮನೆಗೆ ಹಬ್ಬಿಸಿದ ರಾಜ ಇವರೇ. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಜಮೀನನ್ನೂ ಹಣದ ನೆರವನ್ನೂ ಕೊಟ್ಟರು. 1910ರಲ್ಲಿ ಲಕ್ಷ್ಮಣರಾಯರು ಕೆಲಸಗಾರರನ್ನೂ ಅವರ ಮನೆಯವರನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಅಲ್ಲಿದ್ದದ್ದು ಪಾಪಾಸುಕಳ್ಳಿ ಮತ್ತು ನಾಗರಹಾವು. ಅದನ್ನೆಲ್ಲ ಸವರಿ ಊರು ಕಟ್ಟಿದರು. ಆ ಊರೇ ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣಕ್ಕೂ ಮುಂದೆ ಅದೇ ಹೆಸರು ಬಂತು.

ಆ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ ಎಂಬುದನ್ನು ನೇಗಿಲಿಗಿಂತ ಕಡಿಮೆಯದೆಂದು ನಾನು ಎಣಿಸಲಾರೆ. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡಿದ್ದರು ಲಕ್ಷ್ಮಣರಾಯರು! ಮೊದಲ ಮಹಾಯುದ್ಧದ ಕಾಲದಲ್ಲಿ, 1914ರಿಂದ 1918ರವರೆಗೆ, ಕಬ್ಬಿಣಕ್ಕೂ ಕಲ್ಲಿದ್ದಲಿಗೂ ಪರದಾಟವಾಯಿತು. ಕಾರ್ಖಾನೆ ಅದನ್ನೂ ದಾಟಿತು. ನೇಗಿಲಿನ ಜೊತೆಗೆ ಪಂಪು, ಎಂಜಿನ್ ಬಂದವು. ಮಗ ಶಂತನುರಾವ್ ಉದ್ಯಮವನ್ನು ಇನ್ನೂ ಹಿಗ್ಗಿಸಿದರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದಶಕಗಳ ಕಾಲ ಲೇಥ್ ಯಂತ್ರಗಳು ತಯಾರಾದವು. ಅದು ಈಗ ಮುಚ್ಚಿದೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ನಿಮ್ಮ ಓಣಿಯಲ್ಲಿ ಯಾರ ಕೊಟ್ಟಿಗೆಯಲ್ಲಾದರೂ ಕೈಯಿಂದ ತಿರುಗಿಸುವ ಹಳೆಯ ಮೇವಿನ ಯಂತ್ರ ಇದೆಯೇ ಹುಡುಕಿ. ಮನೆಯ ಹಿರಿಯರನ್ನು ಕೇಳಿ ಅದನ್ನು ನೋಡಿ, ನೀವು ಮುಟ್ಟಬೇಡಿ. ಅದರ ಬ್ಲೇಡಿಗೆ ಬೆರಳು ಕಳೆದುಕೊಂಡವರು ಹಲವರು. ಗಾಲಿಗೆ ಎಷ್ಟು ಬ್ಲೇಡು ಇವೆ, ಒಂದು ಸುತ್ತಿಗೆ ಎಷ್ಟು ಸಲ ಕತ್ತರಿಸುತ್ತದೆ, ಹಿಡಿಕೆ ಬಿಟ್ಟ ಮೇಲೆ ಗಾಲಿ ಎಷ್ಟು ಸುತ್ತು ತಾನೇ ಹೋಗುತ್ತದೆ ಎಂದು ಎಣಿಸಿ ಬರೆದುಕೊಳ್ಳಿ. ಆಮೇಲೆ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಗಾಲಿ ಪೆಡಲ್ ಬಿಟ್ಟ ಮೇಲೆ ಎಷ್ಟು ಸುತ್ತುತ್ತದೆ ಎಂದೂ ಎಣಿಸಿ. ಎರಡೂ ಅಂಕಿಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.